ಜಿಗ್ ತರೋಕ್ ಮುಂಚೆ ನಿಮ್ಮ ಟೇಬಲ್ ಸಾ ಅಳತೆ ತಗೊಳ್ಳಿ

ನನ್ನ ಅಕ್ಕನ ಮಗ ಅಮೆರಿಕದಿಂದ ರಜಕ್ಕೆ ಬರೋವಾಗ ಅವನ ಕೈಲಿ ಒಂದು ಒಳ್ಳೆ ಮೈಟರ್ ಗೇಜ್, ಅಂದ್ರೆ ಮರಾನ ಬೇಕಾದ ಕೋನಕ್ಕೆ ಹಿಡಿದು ಬ್ಲೇಡಿಗೆ ತಳ್ಳೋ ಸಾಧನ, ತರಿಸ್ಕೊಂಡಿದ್ದೆ, ಪಾಪ ಅಷ್ಟು ತೂಕದ್ದನ್ನ ಬಟ್ಟೆ ಮಧ್ಯ ಸುತ್ತಿಟ್ಟು ತಂದಿದ್ದ. ಬಾಕ್ಸ್ ಬಿಚ್ಚಿ ನನ್ನ ಟೇಬಲ್ ಸಾ (ಮೇಜಿನ ಮಧ್ಯ ಬ್ಲೇಡ್ ತಿರುಗೋ ಗರಗಸ) ಮೇಲಿನ ಕಾಲುವೆಗೆ, ಅಂದ್ರೆ ಮೈಟರ್ ಸ್ಲಾಟಿಗೆ, ಗೇಜಿನ ಬಾರ್ ಇಟ್ಟು ತಳ್ಳಿದ್ರೆ ಎರಡಿಂಚು ಒಳಗೆ ಹೋಗಿ ಗಟ್ಟಿಯಾಗಿ ನಿಂತ್ಬಿಡ್ತು. ಕ್ಯಾಲಿಪರ್ ಹಾಕಿ ನೋಡಿದೆ. ಬಾರ್ ಸರಿಯಾಗಿ 19 ಎಂಎಂ ಇತ್ತು. ಸ್ಲಾಟ್ ಮಾತ್ರ ಮುಂದ್ಗಡೆ 19.1, ನಡುವೆ 18.8, ಹಿಂದ್ಗಡೆ ಮತ್ತೆ 19.1. ಅಂದ್ರೆ ಗೇಜ್ ತಪ್ಪಲ್ಲ, ಸಾ ಕೂಡ ಕೆಟ್ಟದ್ದೇನಲ್ಲ, ಎರಡೂ ಬೇರೆ ಬೇರೆ ಕಡೆ ತಯಾರಾಗಿದ್ದು ಅಷ್ಟೆ, ಒಂದನ್ನೊಂದು ನೋಡೇ ಇಲ್ಲ.

ಅದಾದ್ಮೇಲೆ ನಾನು ಯಾವ ಜಿಗ್ (ಮರ ಸರಿಯಾಗಿ ಕೊಯ್ಯೋಕೆ ಸಾ ಮೇಲೆ ಇಡೋ ಸಾಧನ) ತಗೊಂಡ್ರೂ, ಮಾಡಿದ್ರೂ, ಮೊದಲು ಸಾ ಅಳೀತೀನಿ. ಹೊಸದಾಗಿ ಮರಗೆಲಸ ಶುರು ಮಾಡಿದವರು ತುಂಬಾ ಜನ ವಿಡಿಯೋ ನೋಡಿ ಅದೇ ಅಳತೆಗೆ ಸ್ಲೆಡ್, ಅಂದ್ರೆ ಮರ ಮೇಲಿಟ್ಟು ಸ್ಲಾಟಲ್ಲಿ ಜಾರಿಸೋ ಹಲಗೆ, ಮಾಡಿ, ಆಮೇಲೆ ಅಲ್ಲಾಡತ್ತೆ, ಸಿಕ್ಕಾಕೊಳತ್ತೆ, ಕಟ್ ಮೂಲೆಮಟ್ಟಕ್ಕೆ ಬರಲ್ಲ ಅಂತ ಕೇಳ್ತಾರೆ, ಅವರಿಗೋಸ್ಕರ ಇದನ್ನ ಉದ್ದಕ್ಕೇ ಬರೀತಿದೀನಿ. ಸಿಕ್ಕಾಕೊಳ್ಳೋ ಜಿಗ್ ಬರೀ ಕಿರಿಕಿರಿ ಅಲ್ಲ. ಸಿಕ್ಕಾಕೊಂಡಾಗ ನಾವು ಜೋರಾಗಿ ತಳ್ತೀವಿ, ಅದು ತಟಕ್ ಅಂತ ಬಿಟ್ಟಾಗ ಕೈ ಎಲ್ಲಿಗೆ ಹೋಗತ್ತೆ ಅನ್ನೋದು ನಮ್ಮ ಹಿಡಿತದಲ್ಲಿ ಇರಲ್ಲ.

ಅಳತೆಗೆ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಕಡೆ ಇಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಸ್ಲಾಟ್ ಇಂದಾನೇ ಶುರು ಮಾಡಿ. ಅಮೆರಿಕದ ಲೆಕ್ಕದಲ್ಲಿ ಮೈಟರ್ ಸ್ಲಾಟ್ ಮುಕ್ಕಾಲು ಇಂಚು ಅಗಲ, ಮೂರು ನೂಲು ಆಳ, ಅಂದ್ರೆ 19.05 ಎಂಎಂ ಮತ್ತು 9.5 ಎಂಎಂ. ನಮ್ಮ ಆಚಾರ್ರ ಭಾಷೇಲಿ ಆರು ನೂಲು ಅಗಲ, ಕೆಲವರು ನೂಲಿಗೆ ಸೂತ್ ಅಂತಾರೆ, ಎಲ್ಲಾ ಒಂದೇ, ಇಂಚಿನ ಎಂಟನೇ ಒಂದು ಭಾಗ. ಅಂಗಡೀಲಿ ಸಿಗೋ ಮೈಟರ್ ಗೇಜ್, ಮರ ಒತ್ತಿ ಹಿಡಿಯೋ ಬಾಚಣಿಗೆ ಥರದ ಫೆದರ್ ಬೋರ್ಡ್, ಮರದ ತುದೀಲಿ ಜೋಡಣೆಯ ನಾಲಿಗೆ ಕೊಯ್ಯೋ ಟೆನನ್ ಜಿಗ್ ಹೆಚ್ಚಿನವೆಲ್ಲ ಈ ಅಳತೆ ನಂಬ್ಕೊಂಡೇ ಮಾಡಿರೋದು. ಆದ್ರೆ ಸಣ್ಣ ಟೇಬಲ್ ಟಾಪ್ ಸಾಗಳಲ್ಲಿ ಸ್ಲಾಟ್ ಇದಕ್ಕಿಂತ ಸಣ್ಣದಿರಬಹುದು, ಆಳ ಕಮ್ಮಿ ಇರಬಹುದು. ಅದಕ್ಕೆ ಅಗಲಾನ ಮುಂದೆ, ನಡುವೆ, ಹಿಂದೆ ಮೂರೂ ಕಡೆ ಅಳೀರಿ, ಎಡದ ಸ್ಲಾಟ್ ಬೇರೆ ಬಲದ ಸ್ಲಾಟ್ ಬೇರೆ. ಮೂರರಲ್ಲಿ ಎಲ್ಲಿ ಕಮ್ಮಿ ಇದ್ಯೋ ಅದೇ ನಿಮ್ಮ ಸ್ಲಾಟ್ ಅಗಲ, ಬಾಕಿದು ಲೆಕ್ಕಕ್ಕಿಲ್ಲ. ಇನ್ನೊಂದು, ಸ್ಲಾಟ್ ಆಕಾರ ಬಗ್ಗಿ ನೋಡಿ. ಕೆಲವದ್ರಲ್ಲಿ ತಳ ಅಗಲ ಇರತ್ತೆ, ತಲೆಕೆಳಗಾದ ಇಂಗ್ಲಿಷ್ T ಅಕ್ಷರದ ಆಕಾರ, ಕಂಪನಿ ಗೇಜಿನ ವಾಷರ್ ಅದರೊಳಗೆ ಕೂತು ಗೇಜ್ ಮೇಲೇಳದ ಹಾಗೆ ಹಿಡ್ಕೊಳತ್ತೆ. ಇನ್ನು ಕೆಲವದ್ರಲ್ಲಿ ಸ್ಲಾಟ್ ಗೋಡೆಗೆ ಅಲ್ಲಲ್ಲಿ ಸಣ್ಣ ಕಿವಿ ಥರ ಚಾಚ್ಕೊಂಡಿರತ್ತೆ, ಆಗ ಮುಕ್ಕಾಲಿಂಚು ಬಾರ್ ಮೇಲಿಂದ ಕೂರೋದೇ ಇಲ್ಲ. ಆ ಕಿವಿ ಅರದಿಂದ ಉಜ್ಜಿ ತೆಗೆಯೋರೂ ಇದಾರೆ, ನಾನು ಬೇಡ ಅಂತೀನಿ. ಜಿಗ್ ಕೆಟ್ರೆ ಇನ್ನೊಂದು ಮಾಡ್ಬಹುದು, ಸಾ ಟೇಬಲ್ ಕೆಟ್ರೆ ಮಾಡಕ್ಕಾಗಲ್ಲ.

ಆಮೇಲೆ ಬ್ಲೇಡ್ ಪೂರ್ತಿ ಮೇಲೆತ್ತಿ ಟೇಬಲ್ ಮುಂದಿನ ಅಂಚಿಂದ ಬ್ಲೇಡಿನ ಮೊದಲ ಹಲ್ಲಿನವರೆಗೂ ಎಷ್ಟಿದೆ ಅಂತ ಬರ್ಕೊಳ್ಳಿ. ಬ್ಲೇಡಿಂದ ಎರಡೂ ಸ್ಲಾಟಿಗೆ ಎಷ್ಟು ದೂರ, ಫೆನ್ಸ್ (ಹಲಗೆ ಆನಿಸಿ ತಳ್ಳೋ ಉದ್ದ ಪಟ್ಟಿ) ಎತ್ತರ ಎಷ್ಟು ದಪ್ಪ ಎಷ್ಟು, ಬ್ಲೇಡ್ ಸುತ್ತ ಇರೋ ಥ್ರೋಟ್ ಪ್ಲೇಟ್ ದಪ್ಪ, ಬ್ಲೇಡಿನ ಹಲ್ಲಿನ ಅಗಲ, ಕೊಯ್ದ ಸಂದು ಮುಚ್ಕೊಳ್ಳದ ಹಾಗೆ ಬ್ಲೇಡ್ ಹಿಂದೆ ನಿಲ್ಲೋ ರೈವಿಂಗ್ ನೈಫ್ ದಪ್ಪ, ಬ್ಲೇಡಿನ ತೂತು. ಇಷ್ಟನ್ನೂ ಒಂದು ಚೀಟೀಲಿ ಬರೆದು ಸಾ ಪಕ್ಕಕ್ಕೇ ಟೇಪ್ ಹಾಕಿ ಅಂಟಿಸಿ, ಅಂಗಡಿಗೆ ಹೋಗುವಾಗ ಅದರ ಫೋಟೋ ತಗೊಂಡು ಹೋಗಿ.

ಈಗ ರನ್ನರ್, ಅಂದ್ರೆ ಸ್ಲೆಡ್ ಕೆಳಗೆ ಸ್ಲಾಟಲ್ಲಿ ಜಾರೋ ಪಟ್ಟಿ, ಅದರ ವಿಷಯ, ತೊಂದರೆ ಜಾಸ್ತಿ ಬರೋದು ಇಲ್ಲೇ. ನಮ್ಮಲ್ಲಿ ಎಲ್ರೂ ಮಾಡೋ ತಪ್ಪು ಏನಂದ್ರೆ ಅಮೆರಿಕದವರ ಪ್ಲಾನಲ್ಲಿ ಮುಕ್ಕಾಲು ಇಂಚು ಅಂತ ಬರೆದಿದ್ದನ್ನ 18 ಎಂಎಂ ಪ್ಲೈ ಅಂತ ತಿಳ್ಕೊಂಡು ಅದರದ್ದೇ ಪಟ್ಟಿ ಕೊಯ್ದು ರನ್ನರ್ ಮಾಡೋದು. 18ರ ಪ್ಲೈ ಎಷ್ಟೋ ಸಲ 18 ಕೂಡ ಇರಲ್ಲ. 19.05 ಸ್ಲಾಟಲ್ಲಿ ಅದು ಒಂದು ಎಂಎಂ ಅಲ್ಲಾಡತ್ತೆ. ಒಂದು ಎಂಎಂ ತಾನೆ ಅನ್ನಬೇಡಿ, ರನ್ನರ್ 300 ಎಂಎಂ ಉದ್ದ ಇದ್ದು ಅದು ಸ್ಲಾಟಲ್ಲಿ ಒಂದು ಎಂಎಂ ತಿರುಗಿದ್ರೆ 600 ಎಂಎಂ ಅಗಲದ ಹಲಗೇಲಿ ಎರಡು ಎಂಎಂ ಸೊಟ್ಟ ಬರತ್ತೆ. ಕಪಾಟಿನ ಶೆಲ್ಫ್ ಎರಡು ಎಂಎಂ ಸೊಟ್ಟ ಇದ್ರೆ ಜೋಡಿಸುವಾಗ ಎದ್ದು ಕಾಣತ್ತೆ.

ನಾನು ರನ್ನರ್ ಮಾಡೋದು ಹಳೇ ತೇಗದ ಪಟ್ಟೀಲಿ, ಹಳೇ ಬಾಗಿಲು ಕಿಟಕಿ ಒಡೆದಾಗ ಸಿಗತ್ತಲ್ಲ, ಹತ್ತಿಪ್ಪತ್ತು ವರ್ಷ ಒಣಗಿರೋ ಮರ, ಎಳೆ ನೇರ ಇರೋದು ನೋಡಿ ಆರಿಸ್ಕೊಳ್ಳಿ. ಸ್ಲಾಟಿಗಿಂತ ಅರ್ಧ ಎಂಎಂ ದಪ್ಪ ಬಿಟ್ಟು ಕೊಯ್ದು, ಆಮೇಲೆ ತೋಪಡದಲ್ಲಿ ಸ್ವಲ್ಪ ಸ್ವಲ್ಪ ತೆಗೀತಾ ಬನ್ನಿ, ಪ್ರತಿ ಎರಡು ಹೊಡೆತಕ್ಕೆ ಒಂದ್ಸಲ ಸ್ಲಾಟಲ್ಲಿ ಇಟ್ಟು ನೋಡಿ. ಬೆರಳಲ್ಲಿ ತಳ್ಳಿದ್ರೆ ಜಾರ್ಬೇಕು, ಅಡ್ಡಕ್ಕೆ ಅಲ್ಲಾಡಿಸಿದ್ರೆ ಟಕಟಕ ಅನ್ನಬಾರ್ದು. ಎಲ್ಲಿ ಹಿಡೀತಿದೆ ಅಂತ ಗೊತ್ತಾಗ್ಲಿಲ್ವಾ, ಸ್ಲಾಟಿನ ಎರಡೂ ಗೋಡೆಗೆ ಮೆತ್ತನೆ ಪೆನ್ಸಿಲ್ ಚೆನ್ನಾಗಿ ಬಳಿದು ರನ್ನರ್ ನಾಲ್ಕು ಸಲ ಓಡಿಸಿ ತೆಗೀರಿ, ಹಿಡಿಯೋ ಜಾಗದಲ್ಲೆಲ್ಲ ಕಪ್ಪಗೆ ಹೊಳೆಯೋ ಗೆರೆ ಬಿದ್ದಿರತ್ತೆ, ಅಲ್ಲಿ ಮಾತ್ರ ಉಳಿಯಿಂದ ಕೆರೀರಿ. ಆಳ ಸ್ಲಾಟಿಗಿಂತ ಒಂದು ಎಂಎಂ ಕಮ್ಮಿ ಇರ್ಲಿ, ಇಲ್ಲಾಂದ್ರೆ ತಳದಲ್ಲಿ ಮರದ ಪುಡಿ ಸೇರಿ ಸ್ಲೆಡ್ ಎತ್ಕೊಳತ್ತೆ.

ಅಂಟಿಸೋವಾಗ ಸ್ಲಾಟ್ ತಳಕ್ಕೆ ಮೂರ್ನಾಲ್ಕು ಕಡೆ ನಾಣ್ಯ ಇಲ್ಲಾ ವಾಷರ್ ಹಾಕಿ ಅದರ ಮೇಲೆ ರನ್ನರ್ ಇಡಿ, ಟೇಬಲ್ ಮಟ್ಟಕ್ಕಿಂತ ಒಂಚೂರು ಮೇಲೆ ಬರ್ಬೇಕು. ಮೇಲೆ ಸಣ್ಣದಾಗಿ ಫೆವಿಕಾಲ್ ಗೆರೆ ಎಳೆದು ಸ್ಲೆಡ್ ಹಲಗೆ ಇಟ್ಟು ಭಾರ ಹೇರಿ ರಾತ್ರಿಯಿಡೀ ಬಿಡಿ. ಅಂಟು ಜಾಸ್ತಿ ಹಾಕಿದ್ರೆ ಸೋರಿ ಸ್ಲೆಡ್ಡೇ ಟೇಬಲಿಗೆ ಅಂಟ್ಕೊಳತ್ತೆ, ಕಮ್ಮೀನೇ ಹಾಕಿ. ಸ್ಕ್ರೂ ಹಾಕೋದಾದ್ರೆ ಪೈಲಟ್ ತೂತು, ಅಂದ್ರೆ ಮೊದಲೇ ಡ್ರಿಲ್ಲಲ್ಲಿ ಒಂದು ಸಣ್ಣ ತೂತು, ಹಾಕದೆ ಹಾಕ್ಬೇಡಿ. ನಾನು ಮೊದಲ್ನೇ ಸ್ಲೆಡ್ಡಲ್ಲಿ ಸೀದಾ ಸ್ಕ್ರೂ ಹೊಡೆದಿದ್ದೆ. ಸ್ಕ್ರೂ ಇಲ್ಲದೆ ಬೆಣ್ಣೆ ಥರ ಓಡ್ತಿದ್ದ ರನ್ನರ್ ಆಮೇಲೆ ಪ್ರತಿ ಸ್ಕ್ರೂ ಹತ್ರ ಬಂದಾಗ್ಲೂ ಗಚ್ ಗಚ್ ಅಂತ ಹಿಡೀತಿತ್ತು, ಯಾಕಂದ್ರೆ ಸ್ಕ್ರೂ ಒಳಗೆ ಹೋದಾಗ ಮರ ಪಕ್ಕಕ್ಕೆ ಉಬ್ಬತ್ತೆ. ಕೈಯಲ್ಲಿ ಸವರಿದ್ರೆ ಗೊತ್ತಾಗಲ್ಲ, ಪೆನ್ಸಿಲ್ ಪರೀಕ್ಷೇಲಿ ಸ್ಕ್ರೂ ಇರೋ ಕಡೆಯೆಲ್ಲ ಹೊಳೆಯೋ ಚುಕ್ಕೆ ಬಿದ್ದಿತ್ತು.

ಮಲೆನಾಡು ಕರಾವಳಿ ಕಡೆಯವರಿಗೆ ಮರದ ರನ್ನರ್ ಮಳೆಗಾಲದಲ್ಲಿ ಉಬ್ಬಿ ಅಲ್ಲಾಡಲ್ಲ ಅನ್ನತ್ತೆ, ಬೇಸಿಗೇಲಿ ಸಡಿಲ ಆಗತ್ತೆ. ಅಂಥವರು ಅಡುಗೆಮನೆ ಪ್ಲಾಸ್ಟಿಕ್ ಚಾಪಿಂಗ್ ಬೋರ್ಡ್, ಬಿಳೀದು ದಪ್ಪ ಬರತ್ತಲ್ಲ, ಅದನ್ನ ಪಟ್ಟಿ ಕೊಯ್ದು ಹಾಕ್ಕೊಳ್ಳಿ. ತೇವ ಕುಡಿಯಲ್ಲ, ತಾನೇ ಜಾರತ್ತೆ. ಅದಕ್ಕೆ ಮರದ ಅಂಟು ಹಿಡಿಯಲ್ಲ, ಸ್ಕ್ರೂನೇ ಗತಿ, ಸ್ಕ್ರೂ ಹತ್ರ ಅದೂ ಉಬ್ಬತ್ತೆ, ಹಾಗಾಗಿ ಪೈಲಟ್ ತೂತು ಇದಕ್ಕೂ ಬೇಕು. ಮರದ ರನ್ನರಿಗೆ ಮೇಣದಬತ್ತಿ ಉಜ್ಜಿ, ಸಿಲಿಕಾನ್ ಸ್ಪ್ರೇ ಮಾತ್ರ ಬೇಡವೇ ಬೇಡ, ಅದು ಮರಕ್ಕೆ ಹತ್ಕೊಂಡ್ರೆ ಆಮೇಲೆ ಪಾಲಿಶ್ ಹೊಡೆದಾಗ ಅಲ್ಲಲ್ಲಿ ಮೀನಿನ ಕಣ್ಣಿನ ಥರ ಗುಳಿ ಬೀಳತ್ತೆ.

ಅಂಗಡಿ ಬಾರ್ ಅಲ್ಯೂಮಿನಿಯಮ್ಮಿಂದು, ಸಡಿಲ ಅಂದ್ರೆ ಬಾರ್ ಪಕ್ಕದಲ್ಲಿ ಸಣ್ಣ ಗ್ರಬ್ ಸ್ಕ್ರೂ ಇದ್ಯಾ ನೋಡಿ, ಅದನ್ನ ತಿರುಗಿಸಿದ್ರೆ ಸರಿ ಹೋಗತ್ತೆ. ಇಲ್ದಿದ್ರೆ ಪಕ್ಕಕ್ಕೆ ಸೆಂಟರ್ ಪಂಚಿಂದ ನಾಲ್ಕೈದು ಚುಕ್ಕೆ ಹೊಡೀರಿ, ಚುಕ್ಕೆ ಸುತ್ತ ಲೋಹ ಉಬ್ಬಿ ಗಟ್ಟಿ ಆಗತ್ತೆ. ಬಿಗಿ ಅಂದ್ರೆ ಒಂದೇ ಪಕ್ಕ ಉಜ್ಜಿ, ಎರಡೂ ಪಕ್ಕ ಉಜ್ಜಿದ್ರೆ ನೇರ ಯಾವುದು ಅಂತ ಆಮೇಲೆ ಗೊತ್ತಾಗಲ್ಲ. ನನ್ನ ಆ ಮೈಟರ್ ಗೇಜನ್ನೂ ಒಂದೇ ಪಕ್ಕ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಉಜ್ಜಿ ಉಜ್ಜಿ ಸರಿ ಮಾಡ್ಕೊಂಡೆ, ಈಗ್ಲೂ ಅದೇ ಉಪಯೋಗಿಸ್ತಿರೋದು.

ಒಂದ್ವೇಳೆ ಎರಡು ಸ್ಲಾಟೂ ಒಂದಕ್ಕೊಂದು ಸಮಾನಾಂತರ ಇಲ್ಲ ಅಂತ ಕಂಡ್ರೆ, ಅಗ್ಗದ ಟೇಬಲ್‌ಗಳಲ್ಲಿ ಇದು ಇರತ್ತೆ, ಎರಡು ರನ್ನರ್ ಸ್ಲೆಡ್ ಮಾಡಕ್ಕೇ ಹೋಗ್ಬೇಡಿ. ಒಂದೇ ರನ್ನರ್ ಹಾಕಿ, ತಳ್ಳುವಾಗ ಸ್ಲಾಟಿನ ಒಂದೇ ಗೋಡೆಗೆ ಒತ್ಕೊಂಡು ತಳ್ಳಿ. ಚೆನ್ನಾಗೇ ಕೆಲಸ ಮಾಡತ್ತೆ.

ಸಣ್ಣ ಸಾ ಇರೋರಿಗೆ ಇನ್ನೊಂದು ತೊಂದರೆ ಟೇಬಲ್ ಗಿಡ್ಡ ಇರೋದು. ವಿಡಿಯೋದಲ್ಲಿ ತೋರಿಸೋ ಸ್ಲೆಡ್ ಎಲ್ಲಾ ದೊಡ್ಡ ಕ್ಯಾಬಿನೆಟ್ ಸಾಗೆ ಮಾಡಿದ್ದು, ಬ್ಲೇಡ್ ಮುಂದೆ ಒಂದಡಿ ಜಾಗ ಇರತ್ತೆ ಅದರಲ್ಲಿ. ನಿಮ್ಮ ಸಾದಲ್ಲಿ 200 ಎಂಎಂ ಇದ್ರೆ, 500 ಎಂಎಂ ಉದ್ದದ ಸ್ಲೆಡ್ಡನ್ನ ಹಿಂದಕ್ಕೆ ಎಳ್ಕೊಂಡಾಗ ಅರ್ಧಕ್ಕಿಂತ ಜಾಸ್ತಿ ಗಾಳೀಲಿ, ಮೇಲೆ ಹಲಗೆ ಭಾರ ಬೇರೆ, ನಿಮ್ಮ ಕಡೆಗೇ ಮಗುಚತ್ತೆ. ಕೆಳಗೆ ಬ್ಲೇಡ್ ತಿರುಗ್ತಾ ಇರತ್ತೆ, ನೆನಪಿರ್ಲಿ. ಅದಕ್ಕೆ ಸ್ಲೆಡ್ಡನ್ನ ನಿಮ್ಮ ಟೇಬಲ್ ಅಳತೆಗೆ ಗಿಡ್ಡ ಮಾಡಿ, ಹಲಗೆ ಅಗಲ ಎಷ್ಟು ಹಿಡಿಯತ್ತೋ ಅಷ್ಟೇ, ಅದಕ್ಕಿಂತ ಅಗಲದ ಹಲಗೆಗೆ ಟ್ರ್ಯಾಕ್ ಹಾಕಿ ಸರ್ಕ್ಯುಲರ್ ಸಾದಲ್ಲಿ ಕೊಯ್ಕೊಳ್ಳಿ. ತಳಕ್ಕೆ 18ರ ಬದಲು 12 ಎಂಎಂ ಒಳ್ಳೆ ಪ್ಲೈ ಹಾಕಿ, ಸ್ಲೆಡ್ ತಳ ಎಷ್ಟು ದಪ್ಪಾನೋ ಅಷ್ಟು ಕೊಯ್ಯೋ ಆಳ ಹೋಯ್ತು ಅಂತ ಲೆಕ್ಕ.

ಫೆನ್ಸ್ ಮೇಲೆ ಕೂತು ಓಡೋ ಜಿಗ್‌ಗಳು, ಟೆನನ್ ಜಿಗ್ ಮುಖ್ಯವಾಗಿ, ಪ್ಲಾನ್ ನೋಡಿ ಮಾಡೋದಲ್ಲ, ನಿಮ್ಮ ಫೆನ್ಸ್ ಮೇಲೇ ಇಟ್ಟು ಮಾಡೋದು. ಒಂದು ಪಕ್ಕ ಇಟ್ಟು ಇನ್ನೊಂದು ಪಕ್ಕಕ್ಕೆ ಒಂದು ಕಾಗದದ ಹಾಳೆ ಸಂದು ಬಿಟ್ಟು ಸ್ಕ್ರೂ ಮಾಡಿ. ಸಣ್ಣ ಸಾಗಳ ಫೆನ್ಸ್ ಗಿಡ್ಡ, ಅದರ ಮೇಲೆ ಎತ್ತರದ ಜಿಗ್ ತೂಗಾಡತ್ತೆ, ಹಾಗಿದ್ರೆ ಮೊದಲು ಫೆನ್ಸಿಗೇ 18ರ ಪ್ಲೈ ಎತ್ತರಕ್ಕೆ ಬೋಲ್ಟ್ ಮಾಡಿ ಆಮೇಲೆ ಜಿಗ್ ಯೋಚನೆ ಮಾಡಿ. ಮುಂದೆ ಮಾತ್ರ ಲಾಕ್ ಆಗೋ ಫೆನ್ಸ್ ಆದ್ರೆ ಹಿಂದಿನ ತುದೀನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಬಾಗಿದ್ರೆ ಫೆದರ್ ಬೋರ್ಡ್ ಜೋರಾಗಿ ಒತ್ತಬೇಡಿ.

ಫೆದರ್ ಬೋರ್ಡ್ ಅಂದಾಗ ನೆನಪಾಯ್ತು, ಮ್ಯಾಗ್ನೆಟ್ಟಿಂದು ತುಂಬಾ ಚೆನ್ನಾಗಿದೆ ಅಂತ ಕೇಳಿ ಆರ್ಡರ್ ಮಾಡೋ ಮುಂಚೆ ಫ್ರಿಜ್ ಮೇಲಿರೋ ಮ್ಯಾಗ್ನೆಟ್ ತಗೊಂಡು ಸಾ ಟೇಬಲಿಗೆ ಇಟ್ಟು ನೋಡಿ. ಎರಕದ ಕಬ್ಬಿಣ ಆದ್ರೆ ಅಂಟ್ಕೊಳತ್ತೆ. ಈಗಿನ ಹೊತ್ಕೊಂಡು ಹೋಗೋ ಸಾಗಳ ಟೇಬಲ್ ಹೆಚ್ಚಿಗೆ ಅಲ್ಯೂಮಿನಿಯಂ, ಜಾರಿ ಬೀಳತ್ತೆ. ಅದಕ್ಕೆ ಸ್ಲಾಟಲ್ಲಿ ಉಬ್ಬಿ ಹಿಡ್ಕೊಳ್ಳೋ ಥರದ್ದೇ ಬೇಕು. ಹಾಕೋ ಜಾಗ ಯಾವಾಗ್ಲೂ ಬ್ಲೇಡಿಗಿಂತ ಮುಂಚೆ. ಬ್ಲೇಡ್ ಪಕ್ಕಕ್ಕೆ ಹಾಕಿದ್ರೆ ಕೊಯ್ದ ಸಂದು ಮುಚ್ಕೊಂಡು ಬ್ಲೇಡ್ ಹಿಡಿಯತ್ತೆ, ಹಲಗೆ ವಾಪಸ್ ಹೊಡಿಯತ್ತೆ.

ಝೀರೋ ಕ್ಲಿಯರೆನ್ಸ್ ಪ್ಲೇಟ್, ಅಂದ್ರೆ ಬ್ಲೇಡಿನಷ್ಟೇ ಅಗಲ ಸಂದು ಇರೋ ಥ್ರೋಟ್ ಪ್ಲೇಟ್, ಬೇರೆ ಸಾದ್ದು ತಂದ್ರೆ ಕೂರಲ್ಲ, ಪ್ರತಿ ಸಾ ತೂತಿನ ಆಕಾರ ಬೇರೆ. ದೊಡ್ಡ ಸಾಗಳಲ್ಲಿ 12 ಎಂಎಂ ಪ್ಲೈ ಕೂರತ್ತೆ, ಸಣ್ಣದ್ರಲ್ಲಿ ತಗಡಿನಷ್ಟೇ ತೆಳು ಪ್ಲೇಟ್ ಇರತ್ತೆ, ಅಲ್ಲಿಗೆ 3 ಎಂಎಂ ಅಕ್ರಿಲಿಕ್ ಇಲ್ಲಾಂದ್ರೆ ಅಂಚು ಸುತ್ತ ಸವೆಸಿದ 6 ಎಂಎಂ ಪ್ಲೈ. 10 ಇಂಚಿನ ಬ್ಲೇಡ್ ಪೂರ್ತಿ ಇಳಿಸಿದ್ರೂ ಕೆಲವು ಸಾಗಳಲ್ಲಿ ಹೊಸ ಪ್ಲೇಟ್ ತಳಕ್ಕೆ ತಾಗತ್ತೆ, ಒತ್ತಿ ಕೂರಿಸಿ ಮೋಟಾರ್ ಆನ್ ಮಾಡಕ್ಕೆ ಹೋಗ್ಬೇಡಿ, ತಳದಲ್ಲಿ ಮೊದಲೇ ಉಳಿಯಿಂದ ಒಂದು ಕಾಲುವೆ ತೋಡ್ಕೊಳ್ಳಿ. ಮೊದಲ್ನೇ ಸಲ ಬ್ಲೇಡ್ ಎತ್ತುವಾಗ ಪ್ಲೇಟ್ ಮೇಲೆ ಒಂದು ಉದ್ದ ರೀಪರ್ ಅಡ್ಡ ಇಟ್ಟು ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ, ಕೈ ಇಡ್ಬೇಡಿ. ರೈವಿಂಗ್ ನೈಫಿಗೂ ಸಂದು ಕೊಯ್ದು ಬಿಡಬೇಕು.

ರೈವಿಂಗ್ ನೈಫ್ ದಪ್ಪ ಬ್ಲೇಡ್ ತಟ್ಟೆಗಿಂತ ಜಾಸ್ತಿ, ಹಲ್ಲಿಗಿಂತ ಕಮ್ಮಿ ಇರ್ಬೇಕು. ಪೂರ್ತಿ ದಪ್ಪದ ಬ್ಲೇಡ್ ಕೊಯ್ಯೋ ಸಂದು 3.2 ಎಂಎಂ, ತೆಳು ಬ್ಲೇಡಿಂದು 2.4 ಹತ್ರ. 2.5ರ ನೈಫ್ ಇಟ್ಕೊಂಡು ತೆಳು ಬ್ಲೇಡ್ ಹಾಕಿದ್ರೆ ಹಲಗೆ ನೈಫಿಗೇ ಬಂದು ನಿಲ್ಲತ್ತೆ. ಆಗ ನೈಫ್ ಬಿಚ್ಚಿ ಎಸೆಯೋದಲ್ಲ, ಬ್ಲೇಡ್ ಬದಲಾಯಿಸೋದು. ಸ್ಲೆಡ್ಡಿಗೂ ಇದೇ ಮಾತು, 2.4ರ ಬ್ಲೇಡಲ್ಲಿ ಸಂದು ಕೊಯ್ದ ಸ್ಲೆಡ್ಡಲ್ಲಿ ಒಂದೇ ಸಲ 3.2 ಓಡಿಸಿದ್ರೂ ಸಂದು ಅಗಲ ಆಗಿ ಹೋಗತ್ತೆ, ಆಮೇಲೆ ತೆಳು ಬ್ಲೇಡ್ ಹಾಕಿದಾಗ ಮರದ ಅಂಚು ಸಿಬಿರು ಏಳತ್ತೆ. ಸ್ಲೆಡ್ ಮೇಲೆ ಯಾವ ಬ್ಲೇಡ್ ಅಂತ ಬರೆದಿಡಿ. ಗಾರ್ಡ್ ಸಮೇತ ಇರೋ ಸ್ಪ್ಲಿಟರ್ (ನೈಫ್ ಕೆಲಸಾನೇ ಮಾಡೋ ಎತ್ತರದ ಪಟ್ಟಿ) ಸ್ಲೆಡ್ಡಿಗೆ ಅಡ್ಡ ಬರತ್ತೆ, ಅದನ್ನ ತೆಗೀಲೇಬೇಕು, ಆದ್ರೆ ಬ್ಲೇಡಿಗಿಂತ ಕೆಳಗೇ ಇರೋ ನೈಫ್ ಅಡ್ಡ ಬರಲ್ಲ, ಅದು ಇರ್ಲಿ.

ಎರಡು ಹಲಗೆ ತುದೀನ ಬೆರಳು ಹೆಣೆದ ಹಾಗೆ ಸೇರಿಸೋ ಬಾಕ್ಸ್ ಜಾಯಿಂಟ್ ಜಿಗ್ ಕೊಳ್ಳೋರು ಸ್ವಲ್ಪ ನಿಂತ್ಕೊಳ್ಳಿ. ಅಮೆರಿಕದ ಜಿಗ್‌ಗಳು ಕಾಲಿಂಚು, ಮೂರು ನೂಲು, ಅರ್ಧ ಇಂಚಿನ ಬೆರಳಿಗೆ ಮಾಡಿದ್ದು, ಅದಕ್ಕೆ ಡೇಡೋ ಬ್ಲೇಡ್ ಸೆಟ್ ಬೇಕು, ಎರಡು ಮೂರು ಬ್ಲೇಡ್ ಒಟ್ಟಿಗೆ ಸೇರಿಸಿ ಹಾಕೋದು. ಸಣ್ಣ ಸಾಗಳಲ್ಲಿ ಬ್ಲೇಡ್ ಕೂರೋ ಆರ್ಬರ್ ಗಿಡ್ಡ, ನಟ್ ಪೂರ್ತಿ ಎಳೆಗೆ ಹಿಡಿಯಲ್ಲ. ಯುರೋಪಿನ ಸಾಗಳೂ ಬಹಳಷ್ಟು ಹಾಗೇ, ಜರ್ಮನಿ ಬ್ರಿಟನ್ನಲ್ಲಿರೋ ನಮ್ಮವರು ಗಮನಿಸಿ. ನಟ್ ಅರ್ಧ ಹಿಡಿದ್ರೂ ಸಾಕು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಬ್ಲೇಡಿನ ತೂತೂ ಬೇರೆ, ಅಮೆರಿಕದ್ದು 5/8 ಇಂಚು, ಅಂದ್ರೆ 15.9 ಎಂಎಂ, ಯುರೋಪಲ್ಲಿ 30, ಇಲ್ಲಿ 25.4 ಅಥವಾ 30. ಒಂದೇ ಬ್ಲೇಡಲ್ಲಿ ಬಾಕ್ಸ್ ಜಾಯಿಂಟ್ ಆಗತ್ತೆ, ಬೆರಳು ಮೂರು ಎಂಎಂ ಚಿಲ್ಲರೆ ಬರತ್ತೆ, ಸಣ್ಣ ಡಬ್ಬಿಗೆ ತುಂಬಾ ಚಂದ, ಆದ್ರೆ ಆ ಅಳತೆಗೆ ಪಿನ್ ಇರೋ ಜಿಗ್ ನೀವೇ ಮಾಡ್ಕೋಬೇಕು. ಹಲ್ಲು ಚಪ್ಪಟೆ ಇರೋ ಬ್ಲೇಡ್ ಹಾಕಿ, ಎಡಬಲ ಓರೆ ಇರೋ ಹಲ್ಲಾದ್ರೆ ಸಂದಿನ ತಳದಲ್ಲಿ ಎರಡೂ ಮೂಲೇಲಿ ಕಿವಿ ಥರ ಗೀರು ಬಿಡತ್ತೆ.

ಅಮೆರಿಕದಲ್ಲಿ ಸಾಸ್ಟಾಪ್, ಅಂದ್ರೆ ಬೆರಳು ತಾಗಿದ್ರೆ ಬ್ಲೇಡ್ ತಕ್ಷಣ ನಿಲ್ಲೋ ಟೇಬಲ್ ಸಾ, ಇಟ್ಕೊಂಡಿರೋ ನಮ್ಮವರಿಗೆ ಒಂದು ಮಾತು. ಅದು ಬೆರಳಿಗೂ ಅಲ್ಯೂಮಿನಿಯಮ್ಮಿಗೂ ವ್ಯತ್ಯಾಸ ನೋಡಲ್ಲ, ಕರೆಂಟ್ ಹರಿಯೋ ಏನೇ ಬ್ಲೇಡಿಗೆ ತಾಗಿದ್ರೂ ಬ್ರೇಕ್ ಬೀಳತ್ತೆ, ಕಾರ್ಟ್ರಿಡ್ಜ್ ಬ್ಲೇಡ್ ಎರಡೂ ಹೋಗತ್ತೆ. ಲೋಹದ ಮೈಟರ್ ಫೆನ್ಸ್ ಇದ್ರೆ ಮುಂದೆ ಮರದ ಮುಖ ಹಾಕಿ, ಬ್ಲೇಡ್ ದಾರೀಲಿ ಸ್ಕ್ರೂ ಕ್ಲ್ಯಾಂಪ್ ಏನೂ ಇರದ ಹಾಗೆ ನೋಡ್ಕೊಂಡು, ಮೋಟಾರ್ ಆಫ್ ಇಟ್ಟು ಜಿಗ್ಗನ್ನ ಒಂದ್ಸಲ ಪೂರ್ತಿ ಓಡಿಸಿ ನೋಡಿ.

ಇನ್ನು ನಮ್ಮೂರ ವರ್ಕ್‌ಶಾಪ್‌ಗಳಲ್ಲಿ ಇರೋ ಕಾಂಬಿ ಮಷೀನು, ಮೇಲೆ ರಂಧಾ (ಮರ ಹೆರೆಯೋದು) ಪಕ್ಕದಲ್ಲಿ ಗರಗಸದ ಬ್ಲೇಡು, ಅದಕ್ಕೆ ಸ್ಲಾಟೇ ಇರಲ್ಲ. ಪ್ಲೈ ಹಲಗೆಗೆ ಸರ್ಕ್ಯುಲರ್ ಸಾ ತಲೆಕೆಳಗೆ ಕಟ್ಟಿ ಮಾಡ್ಕೊಂಡಿರೋ ಟೇಬಲಿಗೂ ಇರಲ್ಲ. ಇದಕ್ಕೆ ದಾರಿ ಇದೆ. 12 ಎಂಎಂ ಪ್ಲೈ ಎರಡು ತುಂಡನ್ನ ಟೇಬಲ್ ಮೇಲೆ ಹಾಸಿ ಮಧ್ಯ ಸರಿಯಾಗಿ 19.05 ಸಂದು ಬಿಟ್ರೆ ಅದೇ ಸ್ಲಾಟ್. ಸಂದು ಬಿಡೋವಾಗ ಯಾವ ಗೇಜ್ ಹಾಕ್ಬೇಕು ಅಂತಿದೀರೋ ಅದರ ಬಾರನ್ನೇ ಮಧ್ಯ ಇಟ್ಟು, ಒಂದು ಪಕ್ಕ ತೆಳು ಕಾಗದ ಸೇರಿಸಿ, ಎರಡೂ ತುಂಡು ಒತ್ತಿ ಕ್ಲ್ಯಾಂಪ್ ಮಾಡಿ. ಟೇಬಲ್ ಅಂಚಿಗೆ ಕೆಳಗಿಂದ ರೀಪರ್ ಕೊಟ್ಟು ಹಿಡಿಸಿದ್ರೆ ಬೇಕಾದಾಗ ಎತ್ತಿಡಬಹುದು. ಆಳದಲ್ಲಿ 12 ಎಂಎಂ ಕಳ್ಕೊಳ್ತೀರಿ, ಆದ್ರೆ ಅಂಗಡೀಲಿ ಸಿಗೋ ಜಿಗ್ ನಿಮ್ಮ ಮಷೀನಿಗೂ ಕೂರತ್ತೆ. ಒಂದೇ ಕೋರಿಕೆ, ತಲೆಕೆಳಗೆ ಕಟ್ಟಿದ ಸಾದ ಗಾರ್ಡನ್ನ ತಂತಿ ಹಾಕಿ ಎತ್ತಿ ಕಟ್ಟಿರ್ತಾರೆ, ಅದಕ್ಕೆ ರೈವಿಂಗ್ ನೈಫೂ ಇಲ್ಲ, ಗಾರ್ಡೂ ಇಲ್ಲ. ಬ್ಲೇಡ್ ಹಿಂದೆ ಒಂದು ತೆಳು ಲೋಹದ ಪಟ್ಟಿನಾದ್ರೂ ನಿಲ್ಸಿ, ಮೇಲೊಂದು ಮುಚ್ಚಳ ತೂಗು ಹಾಕಿ. ನಾಲ್ಕಿಂಚಿನ ಮಾರ್ಬಲ್ ಕಟ್ಟರನ್ನ ಹಾಗೆ ಕಟ್ಟೋದು ಮಾತ್ರ ಬೇಡ, ಅದು ನಿಮಿಷಕ್ಕೆ ಸುಮಾರು 12-13 ಸಾವಿರ ಸುತ್ತು ತಿರುಗತ್ತೆ, ಟೇಬಲ್ ಸಾ ಮೂರರಿಂದ ಐದು ಸಾವಿರ ಅಷ್ಟೆ.

ಎಲ್ಲಾ ಕೂತ್ಮೇಲೂ ಕಟ್ ಸೊಟ್ಟ ಬಂದ್ರೆ ಜಿಗ್ಗನ್ನ ಬೈಯೋ ಮುಂಚೆ ಬ್ಲೇಡ್ ಸ್ಲಾಟಿಗೆ ಸಮಾನಾಂತರ ಇದ್ಯಾ ನೋಡಿ. ಒಂದು ಹಲ್ಲಿಗೆ ಮಾರ್ಕರ್ ಹಾಕಿ, ಮುಂದ್ಗಡೆ ಸ್ಲಾಟಿಂದ ಆ ಹಲ್ಲಿಗೆ ಅಳೀರಿ, ಅದೇ ಹಲ್ಲನ್ನ ಹಿಂದಕ್ಕೆ ತಿರುಗಿಸಿ ಮತ್ತೆ ಅಳೀರಿ. 0.1 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಮ್ಯಾನ್ಯುವಲ್ ನೋಡಿ ಟೇಬಲ್ ಕೆಳಗಿನ ಬೋಲ್ಟ್ ಸರಿ ಮಾಡ್ಕೊಳ್ಳಿ. ಇದು ಸರಿ ಇಲ್ದೆ ಸ್ಲೆಡ್ ಎಷ್ಟು ಚೆನ್ನಾಗಿ ಮಾಡಿದ್ರೂ ಉಪಯೋಗ ಇಲ್ಲ.

ಆಮೇಲೆ ಸ್ಲೆಡ್ ಮೂಲೆಮಟ್ಟಕ್ಕೆ ಕೊಯ್ಯತ್ತಾ ಅಂತ ನೋಡೋ ಐದು ಕಟ್ಟಿನ ಪರೀಕ್ಷೆ. 400 ಎಂಎಂ ಚೌಕದ ಒಂದು ಪ್ಲೈ ತುಂಡು ತಗೊಂಡು ಸ್ಲೆಡ್ಡಲ್ಲಿ ಒಂದು ಅಂಚು ಸವರಿ, ಕೊಯ್ದ ಅಂಚನ್ನ ಸ್ಲೆಡ್ ಫೆನ್ಸಿಗೆ ಆನಿಸಿ ಮುಂದಿನ ಅಂಚು, ಹೀಗೇ ಒಂದೇ ದಿಕ್ಕಲ್ಲಿ ತಿರುಗಿಸ್ತಾ ನಾಲ್ಕು ಅಂಚು ಸವರಿ. ಐದನೇ ಸಲ ಮೊದಲ್ನೇ ಅಂಚಿಂದಾನೇ ಒಂದಿಂಚಿನ ಪಟ್ಟಿ ತೆಗೀರಿ. ಪಟ್ಟಿ ಎರಡೂ ತುದಿ ಅಗಲ ಕ್ಯಾಲಿಪರಲ್ಲಿ ಅಳೆದು ವ್ಯತ್ಯಾಸಾನ ನಾಲ್ಕರಿಂದ ಭಾಗಿಸಿ. 0.4 ವ್ಯತ್ಯಾಸ ಬಂತು ಅಂದ್ರೆ ನಿಜವಾದ ತಪ್ಪು 400 ಎಂಎಂಗೆ 0.1, ಮನೆ ಕೆಲಸಕ್ಕೆ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಬಂದ್ರೆ ಸ್ಲೆಡ್ ಫೆನ್ಸಿನ ಒಂದು ತುದಿ ಸ್ಕ್ರೂ ಹಾಗೇ ಬಿಟ್ಟು ಇನ್ನೊಂದು ತುದೀದು ಬಿಚ್ಚಿ, ಸಂದಿಗೆ ಕಾಗದ ಕೊಟ್ಟು ಸರಿಸಿ, ಹೊಸ ತೂತಿಗೆ ಸ್ಕ್ರೂ ಹಾಕಿ, ಮತ್ತೆ ಐದು ಕಟ್ ಮಾಡಿ. ನನಗೆ ಸಾಮಾನ್ಯ ಮೂರನೇ ಸಲಕ್ಕೆ ಸರಿ ಬರತ್ತೆ.

ಫೆನ್ಸ್ ಸರಿ ಆದ ದಿನವೇ ಇನ್ನೊಂದು ಕೆಲಸ ಮುಗಿಸಿ. ಕಟ್ ಕೊನೇಲಿ ಬ್ಲೇಡ್ ಸ್ಲೆಡ್ ಫೆನ್ಸ್ ದಾಟಿ ನಿಮ್ಮ ಕಡೆ ಹೊರಗೆ ಬರತ್ತೆ, ಹೆಬ್ಬೆರಳು ಇರೋದೂ ಅಲ್ಲೇ. ಆ ಜಾಗಕ್ಕೆ ಮೂರಿಂಚು ದಪ್ಪದ ಮರದ ದಿಮ್ಮಿ ಅಂಟಿಸಿ ಕೆಂಪು ಪೇಂಟ್ ಹೊಡೀರಿ, ಸ್ಕ್ರೂ ಬೇಡ ಬರೀ ಅಂಟು ಸಾಕು, ಬ್ಲೇಡ್ ಅದರೊಳಗೇ ಮುಗೀಬೇಕು. ಸ್ಲೆಡ್ ಅದಕ್ಕಿಂತ ಮುಂದೆ ಹೋಗದ ಹಾಗೆ ಟೇಬಲಿಗೆ ಒಂದು ಸ್ಟಾಪರ್ ಕೂಡ ಕ್ಲ್ಯಾಂಪ್ ಮಾಡ್ಕೊಳ್ಳಿ.